ರಿಟೈರ್ ಆದ ಮೇಲೂ ಟೂಲ್ ರೂಮಿನಲ್ಲಿ: ನನ್ನ ಅನುಭವ

2016ರಲ್ಲಿ, 58 ತುಂಬಿದಾಗ, ನಾನು ಕಂಪನಿಯಿಂದ ನಿವೃತ್ತನಾದೆ. ಪ್ರೆಸ್ ಟೂಲ್, ಅಂದರೆ ಪ್ರೆಸ್ ಮಷೀನಿನಲ್ಲಿ ತಗಡನ್ನು ಕತ್ತರಿಸುವ ಅಚ್ಚು ಮಾಡುವ ಟೂಲ್ ರೂಮಿಗೆ ಫಿಟ್ಟರ್ ಆಗಿ ಸೇರಿ, ಕೊನೆಗೆ ಅಲ್ಲೇ ಸೂಪರ್‌ವೈಸರ್ ಆಗಿದ್ದವನು. ಈಗಲೂ ಕೆಲಸ ಮಾಡುತ್ತಿದ್ದೇನೆ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ವಯಸ್ಸಾದವರು ರಿಟೈರ್ ಆದ ಮೇಲೂ ದುಡಿಯಬೇಕಾ ಅಂತ ನೆಂಟರು, ಹಳೇ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಮನಸ್ಸಿದ್ದು ಮೈ ಒಪ್ಪಿದರೆ ಖಂಡಿತ ದುಡಿಯಬಹುದು. ಆದರೆ ಹಳೇ ಕೆಲಸವನ್ನೇ ಹಳೇ ರೀತಿಯಲ್ಲೇ ಎಳೆಯಬಾರದು. ಕೆಲಸವನ್ನು ನಮ್ಮ ವಯಸ್ಸಿಗೆ ಒಗ್ಗಿಸಿಕೊಳ್ಳಬೇಕು. ನಾನು ಹೇಗೆ ಒಗ್ಗಿಸಿಕೊಂಡೆ ಅಂತ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ಖಾಸಗಿ ಕಾರ್ಖಾನೆಯವರಿಗೆ ಸಿಗುವುದು ಪಿ.ಎಫ್. ಕಚೇರಿಯ ಇ.ಪಿ.ಎಸ್. ಪಿಂಚಣಿ. ಅದು ಶುರುವಾಗಿದ್ದು 1995ರ ನವೆಂಬರ್‌ನಲ್ಲಿ. ನಮ್ಮಲ್ಲಿ ಬಹುಪಾಲು ಜನರಿಗೆ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಮಿತಿಯೊಳಗಿನ ಸಂಬಳ ಮಾತ್ರ. 2001ರಿಂದ 2014ರ ಆಗಸ್ಟ್‌ವರೆಗೆ ಆ ಮಿತಿ 6,500 ರೂಪಾಯಿ, ಆಮೇಲೆ 15,000. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹಾಗೆ ಲೆಕ್ಕ ಹಾಕಿದಾಗ ನನಗೆ ಬಂದಿದ್ದು ತಿಂಗಳಿಗೆ ಮೂರು ಸಾವಿರದ ಒಳಗೆ. ಸರ್ಕಾರಿ ಪಿಂಚಣಿಯ ಹಾಗೆ ತುಟ್ಟಿಭತ್ಯೆ ಸೇರುವುದಿಲ್ಲ. ಇವತ್ತಿಗೂ ಅಷ್ಟೇ ಬರುತ್ತಿದೆ. ಪಿಂಚಣಿಯನ್ನು 60ರವರೆಗೆ ಮುಂದಕ್ಕೆ ಹಾಕಿದರೆ ವರ್ಷಕ್ಕೆ ಶೇಕಡಾ 4ರಷ್ಟು ಹೆಚ್ಚು ಸಿಗುತ್ತದೆ. ಆ ಹೆಚ್ಚಳ ನನ್ನ ಪಾಲಿಗೆ ನೂರು ಚಿಲ್ಲರೆ ರೂಪಾಯಿ. ಹಾಗಾಗಿ 58ಕ್ಕೇ ತೆಗೆದುಕೊಂಡೆ.

ಆದರೆ ದುಡ್ಡೊಂದೇ ಕಾರಣ ಅಂದರೆ ಪೂರ್ತಿ ಸತ್ಯ ಹೇಳಿದ ಹಾಗೆ ಆಗುವುದಿಲ್ಲ. ಗ್ರಾಚ್ಯುಯಿಟಿ, ಪಿ.ಎಫ್. ಸೇರಿಸಿ ಬ್ಯಾಂಕಿನಲ್ಲಿಟ್ಟ ಗಂಟಿನಲ್ಲಿ ಕಷ್ಟಪಟ್ಟು ಸಂಸಾರ ನಡೆಯುತ್ತಿತ್ತು. ನನಗೆ ಈ ಕೆಲಸ ಇಷ್ಟ. ಒಂದು ಡೈ, ಅಂದರೆ ಅಚ್ಚು, ಸರಿಯಾಗಿ ಕೂತು, ಪ್ರೆಸ್‌ನಿಂದ ಮೊದಲ ಪೀಸ್ ಶುದ್ಧವಾಗಿ ಬಿದ್ದಾಗ ಆಗುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನನ್ನ ಹತ್ತಿರ ಅಪ್ರೆಂಟಿಸ್ ಆಗಿದ್ದ ಹುಡುಗನೊಬ್ಬ ಪೀಣ್ಯದಲ್ಲಿ ಸ್ವಂತ ಕಾರ್ಖಾನೆ ಮಾಡಿದ್ದ. ನಾನು ರಿಟೈರ್ ಆದ ಸುದ್ದಿ ಕೇಳಿ ಮನೆಗೆ ಬಂದ.

"ಸರ್, ಬೆಳಿಗ್ಗೆಯಿಂದ ಸಂಜೆವರೆಗೂ ಬನ್ನಿ. ಟೂಲ್ ರೂಮ್ ಪೂರ್ತಿ ನೀವೇ ನೋಡ್ಕೊಳ್ಳಿ" ಅಂದ.

"ಪೂರ್ತಿ ಬೇಡಪ್ಪಾ. ಅರ್ಧ ದಿನ ಬರ್ತೀನಿ. ಮೊದಲು ಕಾಗದದ ಮೇಲೆ ಬರೆದುಕೊಳ್ಳೋಣ" ಅಂದೆ.

ಅವನಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೂ ಒಪ್ಪಿದ. ವಾರಕ್ಕೆ ನಾಲ್ಕು ದಿನ, ಹತ್ತರಿಂದ ಎರಡು ಗಂಟೆ. ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಮೆಟ್ರೋ ಇಳಿದು ನಡೆದರೆ ಆಯಿತು, ಆ ಹೊತ್ತಿಗೆ ನೂಕುನುಗ್ಗಲೂ ಇರುವುದಿಲ್ಲ. ಡೈ ಸೆಟ್ ಎತ್ತುವುದಿಲ್ಲ, ಅದಕ್ಕೆ ಚೈನ್ ಬ್ಲಾಕ್ ಇದೆ, ಹುಡುಗರಿದ್ದಾರೆ. ರಾತ್ರಿ ಮಷೀನ್ ನಿಂತರೆ ನನಗೆ ಫೋನ್ ಮಾಡುವ ಹಾಗಿಲ್ಲ. ದಿನಕ್ಕೆ ಇಷ್ಟು ಅಂತ ಸಂಬಳ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇರಬೇಕು.

ಕೊನೆಯದು ಬಹಳ ಮುಖ್ಯ. ವಯಸ್ಸಾದವರು "ಸುಮ್ನೆ ಬಂದು ಹೋಗ್ತೀನಿ" ಅಂತ ಸೇರಿಕೊಳ್ಳುತ್ತಾರೆ. ನಾಳೆ ಬೆರಳು ಹೋದರೆ ಅವರು ಅಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೇ ಸಾಕ್ಷಿ ಇರುವುದಿಲ್ಲ. ಆಗ ಜಾರಿಯಲ್ಲಿದ್ದ 1923ರ ನಷ್ಟಪರಿಹಾರ ಕಾಯ್ದೆಯಲ್ಲಿ, ಪರಿಹಾರದ ಮೊತ್ತ ಲೆಕ್ಕ ಹಾಕಲು ವಯಸ್ಸಿಗೆ ತಕ್ಕ ಹಾಗೆ ಗುಣಿಸುವ ಅಂಕಿಗಳ ಪಟ್ಟಿ ಇತ್ತು. 16 ವರ್ಷದವರಿಗೆ 228.54, 65 ಮತ್ತು ಅದಕ್ಕೂ ಮೇಲ್ಪಟ್ಟವರಿಗೆ 99.37. ಆ ವಯಸ್ಸಿನಲ್ಲೂ ಜನ ದುಡಿಯುತ್ತಾರೆ ಅಂತ ಕಾನೂನಿಗೆ ಗೊತ್ತಿತ್ತು. ನಾವೇ ನಮ್ಮ ಹೆಸರನ್ನು ಪುಸ್ತಕದಿಂದ ಆಚೆ ಇಡುವುದು ಯಾಕೆ?

ಈಗ ನಾನು ಅಲ್ಲಿ ಮಾಡುವುದೇನು ಅಂತ ಹೇಳಬೇಕು. ಮಷೀನ್ ನಡೆಸುವುದಿಲ್ಲ. ಪೀಸ್ ನೋಡುತ್ತೇನೆ. ತಗಡು ಕತ್ತರಿಸಿದಾಗ ಅಂಚಿನಲ್ಲಿ ಚೂಪಾಗಿ ಏಳುವ ಮುಳ್ಳಿಗೆ ನಾವು ಬರ್ ಅನ್ನುತ್ತೇವೆ. ಬರ್ ಬಂತು ಅಂದ ತಕ್ಷಣ ಹುಡುಗರು ಟೂಲ್ ಬಿಚ್ಚಿ ಗ್ರೈಂಡಿಂಗ್‌ಗೆ ಹಾಕಲು ಓಡುತ್ತಾರೆ. ನಾನು ನಿಲ್ಲಿಸಿ ಕೇಳುತ್ತೇನೆ, "ಬರ್ ಎಲ್ಲಿದೆ ನೋಡಪ್ಪಾ." ಕೆಳಗೆ ಬಿದ್ದ ತುಂಡಿನ ಮೇಲಿದ್ದರೆ ಪಂಚ್, ಅಂದರೆ ಮೇಲಿಂದ ಇಳಿದು ಕತ್ತರಿಸುವ ಭಾಗ ಮೊಂಡಾಗಿದೆ. ತಗಡಿನ ತೂತಿನ ಸುತ್ತ ಇದ್ದರೆ ಡೈ, ಅಂದರೆ ಪಂಚ್ ಒಳಗೆ ಇಳಿಯುವ ಕೆಳಗಿನ ಭಾಗ ಮೊಂಡಾಗಿದೆ. ಒಂದೇ ಪಕ್ಕದಲ್ಲಿ ಜಾಸ್ತಿ ಇದ್ದರೆ ಎರಡೂ ಚೂಪಾಗೇ ಇರಬಹುದು, ಪಂಚ್ ನಡುವಿನಿಂದ ಸರಿದಿರುತ್ತದೆ. ಆಗ ಎರಡನ್ನೂ ನೇರಕ್ಕೆ ಹಿಡಿದಿಡುವ ಗೈಡ್ ಪಿಲ್ಲರ್ ಎಂಬ ಕಂಬ ಸವೆದಿದೆಯಾ ನೋಡಬೇಕು. ಸುಮ್ಮನೆ ಗ್ರೈಂಡ್ ಮಾಡಿದರೆ ಟೂಲಿನ ಆಯಸ್ಸು ಕಡಿಮೆಯಾಗುತ್ತದೆ ಅಷ್ಟೇ, ಬರ್ ಮರುದಿನವೇ ವಾಪಸ್ ಬರುತ್ತದೆ.

ಒಂದು ಮಿಲಿಮೀಟರ್ ದಪ್ಪದ ಸಾಮಾನ್ಯ ಉಕ್ಕಿನ ತಗಡಿಗೆ ಪಂಚ್ ಮತ್ತು ಡೈ ನಡುವೆ ಪಕ್ಕಕ್ಕೆ ಸುಮಾರು 0.05 ಮಿಲಿಮೀಟರ್ ಅಂತರ ಬಿಡುತ್ತೇವೆ. ಆ ಲೆಕ್ಕ ಹುಡುಗರಿಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿ ತಂತಿಯಿಂದ ಲೋಹ ಕತ್ತರಿಸುವ ವೈರ್‌ಕಟ್ ಮಷೀನಿಗೆ ಕಳಿಸುವುದರಲ್ಲಿ ಅವರು ನನಗಿಂತ ಎಷ್ಟೋ ಮುಂದಿದ್ದಾರೆ. ಸ್ಕ್ರೀನ್ ಮೇಲೆ ಟೂಲನ್ನು ತಿರುಗಿಸಿ ನೋಡುವುದನ್ನು ನನಗೆ ಕಲಿಸಿದ್ದು ಡಿಪ್ಲೊಮಾ ಮುಗಿಸಿ ಬಂದ ಒಬ್ಬಳು ಹುಡುಗಿ. ಆದರೆ ಟೂಲು ಕೆಟ್ಟಾಗ ಪೀಸ್ ಏನು ಹೇಳುತ್ತಿದೆ ಅಂತ ತಿಳಿಯಲು ಸಾವಿರಾರು ಕೆಟ್ಟ ಪೀಸ್ ಕೈಯಲ್ಲಿ ಹಿಡಿದು ನೋಡಿರಬೇಕು. ಪೀಣ್ಯದಲ್ಲಿ ಅದನ್ನು ಬಲ್ಲ ನನ್ನ ಓರಗೆಯವರು ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದಾರೆ. ಈ ವಿದ್ಯೆ ಅವರ ಜೊತೆಗೇ ಹೋಗಬಾರದು.

ಹುಡುಗರ ಕೆಲಸ ನೀವು ಕಿತ್ತುಕೊಂಡ ಹಾಗಲ್ವಾ ಅಂತ ನನ್ನ ಮಗನೇ ಕೇಳಿದ್ದ. ನ್ಯಾಯವಾದ ಪ್ರಶ್ನೆ. ನಾನು ಸೂಪರ್‌ವೈಸರ್ ಕುರ್ಚಿಯಲ್ಲೇ ಇನ್ನೂ ಹತ್ತು ವರ್ಷ ಕೂತಿದ್ದರೆ ಹೌದು, ನನ್ನ ಹಿಂದಿನವರ ಬಡ್ತಿ ನಿಲ್ಲುತ್ತಿತ್ತು. ಅದಕ್ಕೇ ಯಜಮಾನನಿಗೆ ಮೊದಲೇ ಹೇಳಿದ್ದೆ, ನನ್ನ ಕೈಕೆಳಗೆ ಯಾರನ್ನೂ ಹಾಕಬೇಡ, ಟೂಲ್ ರೂಮಿನ ಜವಾಬ್ದಾರಿ ಚಿಕ್ಕವರಿಗೇ ಕೊಡು ಅಂತ. ಈಗ ಅಲ್ಲಿ ತೀರ್ಮಾನ ತೆಗೆದುಕೊಳ್ಳುವವನಿಗೆ 34 ವರ್ಷ. ನಾನು ಹೇಳಿದ್ದನ್ನು ಅವನು ಒಪ್ಪದೇ ಇರಬಹುದು, ಎಷ್ಟೋ ಸಲ ಒಪ್ಪಿಲ್ಲ.

ಕಣ್ಣಿನ ವಿಷಯ ಬೇರೆಯಾಗಿಯೇ ಹೇಳಬೇಕು. ದಪ್ಪ ಅಳೆಯುವ ಸಾಧನವಾದ ಮೈಕ್ರೋಮೀಟರಿನ ಒಂದು ಗೆರೆ ಅಂದರೆ 0.01 ಮಿಲಿಮೀಟರ್. 60ರ ನಂತರ ಆ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದವು. ಎರಡೂ ಕಣ್ಣಿಗೆ ಪೊರೆ ತೆಗೆಸಿಕೊಂಡೆ. ಮೇಜಿನ ಮೇಲೆ ಒಳ್ಳೇ ಬೆಳಕು ಹಾಕಿಸಿದೆ, ಅಂಕಿ ತೋರಿಸುವ ಡಿಜಿಟಲ್ ಮೈಕ್ರೋಮೀಟರ್ ತರಿಸಿದೆ. ಇದರ ಜೊತೆ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಒಬ್ಬ ಹುಡುಗ ಸ್ಲಿಪ್ ಗೇಜುಗಳನ್ನು, ಅಂದರೆ ನಿಖರ ಅಳತೆಯ ಉಕ್ಕಿನ ತುಂಡುಗಳನ್ನು ಜೋಡಿಸಿ, ಅಳತೆ ಹೇಳದೆ ನನ್ನ ಕೈಗೆ ಕೊಡುತ್ತಾನೆ. ನಾನು ಹಳೇ ಗೆರೆಯ ಮೈಕ್ರೋಮೀಟರಿನಲ್ಲಿ ಅಳೆದು ಬರೆಯುತ್ತೇನೆ. ಅವನು ತಾಳೆ ನೋಡುತ್ತಾನೆ. ಒಂದು ಗೆರೆಗಿಂತ ಹೆಚ್ಚು ವ್ಯತ್ಯಾಸ ಪದೇ ಪದೇ ಬಂದರೆ ಅವತ್ತಿನಿಂದ ಅಳತೆಯ ಕೆಲಸ ಬಿಡುತ್ತೇನೆ ಅಂತ ಎಲ್ಲರೆದುರಿಗೆ ಹೇಳಿದ್ದೇನೆ. ಕೆಲಸ ಮುಂದುವರಿಸುವ ಹಿರಿಯರಿಗೆಲ್ಲ ನನ್ನದೊಂದು ಕೋರಿಕೆ: ಇಂಥ ಒಂದು ಪರೀಕ್ಷೆ ನೀವೇ ಇಟ್ಟುಕೊಳ್ಳಿ. ಚಿಕ್ಕವರು ಗೌರವಕ್ಕೆ ಕಟ್ಟುಬಿದ್ದು ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಮನೆಯಲ್ಲೇ ಇದಕ್ಕೆ ತದ್ವಿರುದ್ಧದ ಉತ್ತರವೂ ಇದೆ. ನನ್ನ ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ದಿನವಿಡೀ ಬೆನ್ನು ಬಗ್ಗಿಸಿ, ಗಂಟೆಗೆ ಇಷ್ಟು ಪೀಸ್ ಅನ್ನುವ ಟಾರ್ಗೆಟ್ ಹಿಂದೆ ಓಡಿದವಳು. ಕಂಪನಿ ಕೊಡುವ ಪಿ.ಎಫ್. ಪಾಲನ್ನು 58ರವರೆಗೆ ತೆಗೆಯುವ ಹಾಗಿಲ್ಲ ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವಳೂ ಅಲ್ಲಿದ್ದಳು. "58ರವರೆಗೆ ಈ ಮೆಷಿನ್ ಮುಂದೆ ಯಾರು ಕೂರೋಕಾಗುತ್ತೆ ರೀ?" ಅಂತ ಅವತ್ತು ರಾತ್ರಿ ಕೇಳಿದಳು. 55ಕ್ಕೇ ಬೆನ್ನುನೋವು ತಾಳಲಾರದೆ ಬಿಟ್ಟಳು. ಅವಳಿಗೆ ಹೋಗಿ ವಯಸ್ಸಾದ ಮೇಲೂ ದುಡಿಯುವುದು ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವ ಧೈರ್ಯ ನನಗಿಲ್ಲ. ಟೂಲ್ ರೂಮಿನ ಅನುಭವ ಇಟ್ಟುಕೊಂಡು ಹೊಲಿಗೆ ಲೈನಿಗೆ, ಫೌಂಡ್ರಿಗೆ, ಮೂಟೆ ಹೊರುವವರಿಗೆ ಬುದ್ಧಿ ಹೇಳಬಾರದು.

ನನಗೆ ಹೆಚ್ಚು ಸಂಕಟ ಆಗುವುದು ಇನ್ನೊಂದು ವಿಷಯಕ್ಕೆ. ನನ್ನ ಜೊತೆ ಪ್ರೆಸ್ ಶಾಪಿನಲ್ಲಿದ್ದ ಒಬ್ಬರು ಈಗ ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ಹನ್ನೆರಡು ಗಂಟೆ ಡ್ಯೂಟಿ, ಸಕ್ಕರೆ ಕಾಯಿಲೆ. ಅವರು ಇಷ್ಟಪಟ್ಟು ಹೋಗುತ್ತಿಲ್ಲ. ಇ.ಪಿ.ಎಸ್. ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಮಾಡಿದರು. ಅದರಲ್ಲಿ ಒಬ್ಬರ ಮಾತ್ರೆಯ ಖರ್ಚೂ ಮುಗಿಯುವುದಿಲ್ಲ. ನನಗೆ ಬೇಡ ಅಂದಾಗ ಬಿಡುವ ಸ್ವಾತಂತ್ರ್ಯ ಇದೆ, ಅದರಿಂದಲೇ ಅರ್ಧ ದಿನ ಮಾತ್ರ ಬರುತ್ತೇನೆ ಅಂತ ಷರತ್ತು ಹಾಕಿದೆ. ಅವರಿಗೆ ಆ ಸ್ವಾತಂತ್ರ್ಯ ಇಲ್ಲ. ಹಿರಿಯರು ಚಟುವಟಿಕೆಯಿಂದ ಇರಬೇಕು ಅಂತ ಭಾಷಣ ಮಾಡುವವರು ಮೊದಲು ಆ ಸಾವಿರ ರೂಪಾಯಿಯ ಬಗ್ಗೆ ಮಾತಾಡಬೇಕು.

ಬರುವ ಏಪ್ರಿಲ್‌ಗೆ ನಮ್ಮ ಕಾಗದ ಹೊಸದಾಗಿ ಬರೆಯಬೇಕು. ವಾರಕ್ಕೆ ಮೂರು ದಿನ ಸಾಕು ಅಂತ ಕೇಳುವವನಿದ್ದೇನೆ. ಹೊಸ ಟೂಲ್ ಮೊದಲ ಸಲ ಪ್ರೆಸ್‌ಗೆ ಹತ್ತಿದಾಗ ಪೀಸ್ ನೋಡುವ ಕೆಲಸವನ್ನು ನನಗೆ ಸ್ಕ್ರೀನ್ ಕಲಿಸಿದ ಆ ಹುಡುಗಿಗೇ ಬಿಡಿ ಅಂತಲೂ ಹೇಳುತ್ತೇನೆ. ಅವಳು ಈಗ ಬರ್ ನೋಡಿಯೇ ಪಂಚೋ ಡೈಯೋ ಅಂತ ನನಗಿಂತ ಮೊದಲು ಹೇಳುತ್ತಾಳೆ.