ವಾಪಿಂಗ್: ನದಿಯ ಇಳಿತ ನೋಡಿಕೊಂಡು ನಡೆಯಬೇಕಾದ ದಾರಿ

ಲಂಡನ್ನಿಗೆ ಹೊಸದಾಗಿ ಬಂದ ಕನ್ನಡಿಗರನ್ನು, ಇಲ್ಲಿ ನೆಲೆನಿಂತ ನಾವು ಸಾಮಾನ್ಯವಾಗಿ ಮೊದಲು ಕರೆದೊಯ್ಯುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಬಳಿಗೆ. ಅದು ಒಳ್ಳೆಯ ಆರಂಭವೇ ಸರಿ. ಆದರೆ ಅದೇ ಥೇಮ್ಸ್ ನದಿಯ ಗುಂಟ ಟವರ್ ಬ್ರಿಡ್ಜಿನಿಂದ ಸ್ವಲ್ಪ ಕೆಳಗೆ, ಉತ್ತರ ದಂಡೆಯ ಮೇಲೆ ವಾಪಿಂಗ್ ಎಂಬ ಹಳೆಯ ಪೇಟೆಯೊಂದಿದ್ದು, ಈ ಊರು ಯಾವುದರಿಂದ ಬೆಳೆಯಿತು, ನಮ್ಮ ಕರಾವಳಿಗೂ ಇದಕ್ಕೂ ಇದ್ದ ನಂಟು ಎಂಥದು ಎಂಬುದನ್ನು ಕಾಲ್ನಡಿಗೆಯಲ್ಲಿ ತಿಳಿಯಬಯಸುವವರು ತಮ್ಮ ಎರಡನೆಯ ಭಾನುವಾರವನ್ನು ಅದಕ್ಕಾಗಿ ಮೀಸಲಿಡಬೇಕೆಂಬುದು ನನ್ನ ಸಲಹೆ.

ಹೊರಡುವ ಮೊದಲು ಮಾಡಬೇಕಾದ ಕೆಲಸ ಒಂದೇ. ಪೋರ್ಟ್ ಆಫ್ ಲಂಡನ್ ಅಥಾರಿಟಿ ಪ್ರಕಟಿಸುವ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ನೋಡಿ, ಆ ದಿನ ನೀರು ಪೂರ್ತಿ ಇಳಿಯುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು ಟವರ್ ಹಿಲ್ ನಿಲ್ದಾಣದಲ್ಲಿ ಇಳಿಯಿರಿ. ಸಮುದ್ರದಿಂದ ಇಷ್ಟು ಒಳಗಿದ್ದರೂ ಇಲ್ಲಿ ನೀರು ದಿನಕ್ಕೆರಡು ಬಾರಿ ಏರಿಳಿಯುತ್ತದೆ, ದೊಡ್ಡ ಉಬ್ಬರದ ದಿನಗಳಲ್ಲಿ ಏಳು ಮೀಟರಿನಷ್ಟು ವ್ಯತ್ಯಾಸವಾಗುತ್ತದೆ. ನಾನು ಮೊದಲ ಸಲ ಇದನ್ನು ನೋಡದೆ ಹೋಗಿದ್ದೆ. ಮೆಟ್ಟಿಲುಗಳ ಅರ್ಧದವರೆಗೆ ಕಂದು ನೀರು ಬಡಿಯುತ್ತಿತ್ತು, ವಾಪಿಂಗ್‌ನ ಅರ್ಧ ಚರಿತ್ರೆ ಆ ನೀರಿನ ಕೆಳಗೇ ಉಳಿದುಹೋಯಿತು.

ಟವರ್ ಹಿಲ್‌ನಿಂದ ಐದಾರು ನಿಮಿಷ ನಡೆದರೆ ಸೇಂಟ್ ಕ್ಯಾಥರೀನ್ ಡಾಕ್ಸ್ ಸಿಗುತ್ತದೆ. ವಿಹಾರದ ದೋಣಿಗಳೂ ಹೋಟೆಲುಗಳೂ ತುಂಬಿರುವ ಈ ಚೆಲುವಾದ ಜಾಗವನ್ನು ನೋಡುವಾಗ, 1828ರಲ್ಲಿ ತೆರೆದ ಈ ಹಡಗುಕಟ್ಟೆಗಾಗಿ ಮಧ್ಯಯುಗದ ಒಂದು ಧಾರ್ಮಿಕ ಆಸ್ಪತ್ರೆಯನ್ನು ಕೆಡವಿ, 11,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಲಾಗಿತ್ತೆಂಬುದನ್ನು ನೆನಪಿನಲ್ಲಿಡಿ. ಕಟ್ಟಡಗಳ ಚೆಂದ ನೋಡಿ ಬೇಗ ಮುಂದೆ ಸಾಗಿ.

ವಾಪಿಂಗ್ ಹೈ ಸ್ಟ್ರೀಟ್ ಹೆಸರಿಗೆ ಹೈ ಸ್ಟ್ರೀಟ್ ಆದರೂ ಅಂಗಡಿ ಸಾಲಿನ ಬೀದಿಯಲ್ಲ. ಕಲ್ಲುಹಾಸಿನ ಇಕ್ಕಟ್ಟಾದ ರಸ್ತೆಯ ಬದಿಯಲ್ಲಿ ಎತ್ತರದ ಇಟ್ಟಿಗೆ ಗೋದಾಮುಗಳು ನಿಂತಿವೆ. ಅವುಗಳ ಗೋಡೆಯಲ್ಲಿ ಒಂದರ ಮೇಲೊಂದರಂತೆ ಕಾಣುವ ಅಗಲವಾದ ಬಾಗಿಲುಗಳು ಸರಕನ್ನು ಮೇಲಕ್ಕೆತ್ತಿ ಒಳಗೆಳೆದುಕೊಳ್ಳಲು ಮಾಡಿದವು. ಅಲ್ಲಲ್ಲಿ ಸರಕು ಎತ್ತುತ್ತಿದ್ದ ಕಬ್ಬಿಣದ ತೋಳು ಇನ್ನೂ ಉಳಿದಿದೆ. ಇಂದು ಆ ಬಾಗಿಲುಗಳ ಹಿಂದೆ ದುಬಾರಿ ಫ್ಲಾಟುಗಳಿವೆ. ಈ ಬದಲಾವಣೆಯನ್ನು 1970ರ ದಶಕದಲ್ಲಿ ಮೊದಲು ಕಂಡ ಗೋದಾಮುಗಳಲ್ಲಿ 1870ರ ಆಲಿವರ್ಸ್ ವಾರ್ಫ್ ಒಂದು. ಅದರ ಎದುರು ಒಂದು ನಿಮಿಷ ನಿಲ್ಲಬೇಕು. ಅದಕ್ಕೂ ಸ್ವಲ್ಪ ಮೊದಲು, ವಾಪಿಂಗ್ ಪಿಯರ್ ಹೆಡ್‌ನಲ್ಲಿ ಎದುರುಬದುರಾಗಿರುವ ಎರಡು ಸಾಲು ಹಳೆಯ ಮನೆಗಳ ನಡುವೆ ಹುಲ್ಲುಹಾಸಿನ ತೋಟವೊಂದು ಕಾಣುತ್ತದೆ. ಅದು ತೋಟವಾಗಿದ್ದದ್ದಲ್ಲ, 1805ರಲ್ಲಿ ತೆರೆದ ಲಂಡನ್ ಡಾಕ್ಸ್‌ಗೆ ಹಡಗುಗಳು ಒಳಬರುತ್ತಿದ್ದ ದಾರಿ. ಹಡಗುಗಳು ನದಿಯ ನಡುವೆಯೇ ವಾರಗಟ್ಟಲೆ ಸರದಿ ಕಾಯುತ್ತಿದ್ದುದರಿಂದ ಕಳವು ವಿಪರೀತವಾಗಿ, ಎತ್ತರದ ಗೋಡೆಯೊಳಗೆ ಸರಕು ಇಳಿಸುವ ಇಂಥ ಕಟ್ಟೆಗಳನ್ನು ವರ್ತಕರು ಕಟ್ಟಿಸಿದರು. ಅದೇ ಕಳವಿನ ಕಾರಣಕ್ಕಾಗಿ 1798ರಲ್ಲಿ ಇಲ್ಲಿ ಹುಟ್ಟಿದ ನದಿ ಪೊಲೀಸ್ ಪಡೆ ಲಂಡನ್ ನಗರದ ಪೊಲೀಸ್ ಇಲಾಖೆಗಿಂತ 31 ವರ್ಷ ಹಿರಿಯದು. ಅದರ ಠಾಣೆ ಇಂದಿಗೂ ಇದೇ ಬೀದಿಯಲ್ಲಿದೆ.

ಈ ನಡಿಗೆಯ ಮುಖ್ಯ ಭಾಗ ಟೌನ್ ಆಫ್ ರಾಮ್ಸ್‌ಗೇಟ್ ಎಂಬ ಪಬ್ಬಿನ ಪಕ್ಕದ ಓಣಿ. ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಇಕ್ಕಟ್ಟಾದ ಆ ಓಣಿಯ ತುದಿಯಲ್ಲಿ ವಾಪಿಂಗ್ ಓಲ್ಡ್ ಸ್ಟೇರ್ಸ್ ನದಿಗೆ ಇಳಿಯುತ್ತದೆ. ಸೇತುವೆಗಳು ಕಡಿಮೆಯಿದ್ದ ಕಾಲದಲ್ಲಿ ಇಂಥ ಮೆಟ್ಟಿಲುಗಳೇ ಇಲ್ಲಿನ ಅಂಬಿಗರ ಕಡವುಗಳು. ಹಳೆಯ ಕಲ್ಲುಗಳು ನಡುವೆ ಬಟ್ಟಲಿನಂತೆ ಸವೆದಿವೆ, ಅವುಗಳ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ; ಮಕ್ಕಳ ಕೈ ಬಿಡಬೇಡಿ, ನುಣುಪಾದ ಅಟ್ಟೆಯ ಚಪ್ಪಲಿ ಹಾಕಿ ಇಳಿಯಲೇಬೇಡಿ. ನೀರಿಳಿದಾಗ ಕೆಳಗೆ ಕಾಣುವ ದಂಡೆಯಲ್ಲಿ ಜಲ್ಲಿಯ ನಡುವೆ ತುಕ್ಕು ಹಿಡಿದ ಹಡಗಿನ ಮೊಳೆ, ಹೆಂಚಿನ ಚೂರು, ಸೀಮೆಸುಣ್ಣದ ಕಡ್ಡಿಯಂಥ ಬಿಳಿ ತುಂಡುಗಳು ಕಣ್ಣಿಗೆ ಬೀಳುತ್ತವೆ. ಆ ಬಿಳಿ ತುಂಡನ್ನು ಬಗ್ಗಿ ನೋಡಿದರೆ ಉದ್ದಕ್ಕೂ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಅದು ನಾವಿಕರೂ ಹಮಾಲರೂ ಹೊಗೆಸೊಪ್ಪು ಸೇದಿ ಬಿಸಾಡಿದ ಮಣ್ಣಿನ ಚಿಲುಮೆಯ ಕಾಂಡ. ನೋಡಿ, ಆದರೆ ಎತ್ತಿಕೊಳ್ಳಬೇಡಿ, ಏಕೆಂದರೆ ಈ ದಂಡೆಯಲ್ಲಿ ವಸ್ತುಗಳನ್ನು ಹುಡುಕುವುದಕ್ಕೆ ಬಂದರು ಪ್ರಾಧಿಕಾರದ ಪರವಾನಗಿ ಬೇಕು. ನೀರು ತಿರುಗಿ ಏರತೊಡಗಿದೊಡನೆ ಮೇಲೆ ಬಂದುಬಿಡಿ.

ಇದೇ ದಂಡೆಯ ಒಂದೆಡೆ ಎಕ್ಸಿಕ್ಯೂಷನ್ ಡಾಕ್ ಎಂಬ ಗಲ್ಲುಗಂಬವಿತ್ತು. ಅದು ನಿಖರವಾಗಿ ಎಲ್ಲಿತ್ತೆಂಬ ವಿಷಯದಲ್ಲಿ ಇಲ್ಲಿನ ಒಂದಕ್ಕಿಂತ ಹೆಚ್ಚು ಪಬ್ಬುಗಳು ತಮ್ಮ ಹಿತ್ತಿಲೇ ಎಂದು ಹೇಳಿಕೊಳ್ಳುತ್ತವೆ. ಕಡಲ್ಗಳ್ಳರನ್ನು ಇಲ್ಲಿ ನೇಣಿಗೇರಿಸಿ, ಮೂರು ಉಬ್ಬರಗಳು ಮೈಮೇಲೆ ಹಾಯುವವರೆಗೆ ಶವವನ್ನು ಹಾಗೆಯೇ ಬಿಡುವುದು ಪದ್ಧತಿಯಾಗಿತ್ತು. 1701ರ ಮೇ 23ರಂದು ಇಲ್ಲಿ ಸತ್ತ ಕ್ಯಾಪ್ಟನ್ ವಿಲಿಯಂ ಕಿಡ್‌ನ ಹೆಸರನ್ನು ಇಂದು ಒಂದು ಪಬ್ಬೇ ಹೊತ್ತಿದೆ. ಹಗ್ಗ ಮೊದಲ ಸಲ ಹರಿದುಹೋಗಿ ಅವನನ್ನು ಎರಡನೆಯ ಬಾರಿ ಏರಿಸಬೇಕಾಯಿತೆಂಬ ಕಥೆಯನ್ನು ಎಲ್ಲ ಮಾರ್ಗದರ್ಶಕರೂ ಹೇಳುತ್ತಾರೆ. ಅವರು ಹೇಳದೆ ಬಿಡುವ, ನಾನಂತೂ ನನ್ನ ಜೊತೆ ಬಂದ ಪ್ರತಿಯೊಬ್ಬರಿಗೂ ಈ ಮೆಟ್ಟಿಲ ಮೇಲೆ ನಿಂತು ಹೇಳುವ ಮಾತೆಂದರೆ, 1697ರ ಸೆಪ್ಟೆಂಬರಿನಲ್ಲಿ ಕಿಡ್‌ನ ‘ಅಡ್ವೆಂಚರ್ ಗ್ಯಾಲಿ’ ಹಡಗು ನೀರು ಮತ್ತು ಸೌದೆಗಾಗಿ ನಮ್ಮ ಕಾರವಾರಕ್ಕೆ ಬಂದಿತ್ತೆಂಬುದು. ಸೋಂದೆ ಸೀಮೆಯ ಕಾಳುಮೆಣಸಿಗಾಗಿಯೂ ಬಟ್ಟೆಗಾಗಿಯೂ ಇಂಗ್ಲಿಷರು ಅಲ್ಲಿ ಕೋಠಿ ಇಟ್ಟಿದ್ದರು. ಕಿಡ್‌ನ ನಾವಿಕರಲ್ಲಿ ಕೆಲವರು ಅಲ್ಲೇ ಹಡಗು ಬಿಟ್ಟು ಹೋದರು. ಕಡಲ್ಗಳ್ಳರನ್ನು ಹಿಡಿಯಲು ಬಂದವನೇ ಕಡಲ್ಗಳ್ಳನಾಗಿದ್ದಾನೆಂದು ಕೋಠಿಯ ಅಧಿಕಾರಿಗಳು ತಮ್ಮ ಮೇಲಿನವರಿಗೆ ಪತ್ರ ಬರೆದರು. ಮುಂದೆ 1698ರ ಜನವರಿಯಲ್ಲಿ ಕೇರಳದ ಕಡಲಿನಲ್ಲಿ ಅವನು ಹಿಡಿದ ‘ಕ್ವೆಡಾ ಮರ್ಚೆಂಟ್’ ಎಂಬ ಸಿರಿವಂತ ಹಡಗು, ಮತ್ತು ತನ್ನದೇ ಹಡಗಿನ ತೋಪಿನವನೊಬ್ಬನ ಕೊಲೆ, ಅವನನ್ನು ಈ ಮೆಟ್ಟಿಲುಗಳ ಬಳಿಗೆ ತಂದವು. ಕಾಳಿ ನದಿಯ ಅಳಿವೆಯನ್ನು ಕಂಡವರಿಗೆ ಥೇಮ್ಸ್‌ನ ಈ ತಿರುವು ಆಮೇಲೆ ಅಪರಿಚಿತವೆನಿಸುವುದಿಲ್ಲ.

ಪೂರ್ವಕ್ಕೆ ಸಾಗಿ ವಾಪಿಂಗ್ ವಾಲ್ ಎಂಬ ರಸ್ತೆಯನ್ನು ದಾಟಿದರೆ ಶಾಡ್‌ವೆಲ್ ಬೇಸಿನ್ ಬರುತ್ತದೆ. ಹಳೆಯ ಲಂಡನ್ ಡಾಕ್ಸ್‌ನ ಬಹುಪಾಲನ್ನು ಮುಚ್ಚಿ ಮನೆ ಕಟ್ಟಿರುವುದರಿಂದ, ಆ ವಿಸ್ತಾರ ಎಷ್ಟಿತ್ತೆಂಬ ಅಂದಾಜು ಸಿಗುವುದು ಈ ನೀರಿನ ಅಂಚಿನಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿದು ಬಂದ ಭಾರತದ ನಾವಿಕರನ್ನು, ಅಂದರೆ ಲಸ್ಕರರನ್ನು, ಮರುಪ್ರಯಾಣದ ಹಡಗು ಸಿಗುವವರೆಗೆ ಇರಿಸುತ್ತಿದ್ದ ಬ್ಯಾರಕ್ಕುಗಳು ಶಾಡ್‌ವೆಲ್‌ನಲ್ಲಿದ್ದವು. ಚಳಿಗಾಲದಲ್ಲಿ ಅಲ್ಲಿ ಅವರು ಅನುಭವಿಸಿದ ಕಷ್ಟದ ಬಗ್ಗೆ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. ನಮಗಿಂತ ಇನ್ನೂರು ವರ್ಷ ಮೊದಲು ಇದೇ ನದಿಯ ಮೇಲೆ ಬಂದ ಆ ಜನರ ನೆನಪಿನ ಒಂದು ಫಲಕವೂ ಈ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕಿಡ್‌ಗೆ ಸಿಕ್ಕಿರುವ ಗೌರವದ ಒಂದು ಪಾಲಾದರೂ ಅವರಿಗೆ ಸಲ್ಲಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಅಲ್ಲಿಂದ ಹಿಂದಿರುಗಿ ಹತ್ತು ನಿಮಿಷ ನಡೆದರೆ ವಾಪಿಂಗ್ ರೈಲು ನಿಲ್ದಾಣ. ನಡಿಗೆಯನ್ನು ಇಲ್ಲಿಯೇ ಮುಗಿಸಬೇಕು, ಆದರೆ ಮನೆಯ ಕಡೆಗೆ ಹೊರಡುವ ಆತುರ ಬೇಡ, ಇಲ್ಲಿಂದ ನದಿಯಡಿಗೆ ಹಾಯುವ ಥೇಮ್ಸ್ ಸುರಂಗವನ್ನು ನೋಡಬೇಕು. ಹಡಗಿನ ಮರ ಕೊರೆಯುವ ಹುಳುವಿನ ಕೆಲಸ ನೋಡಿ ಎಂಜಿನಿಯರ್ ಮಾರ್ಕ್ ಬ್ರೂನೆಲ್ ಸುರಂಗ ಅಗೆಯುವವರನ್ನು ಕಾಯುವ ಕಬ್ಬಿಣದ ರಕ್ಷಾಚೌಕಟ್ಟೊಂದನ್ನು ರೂಪಿಸಿದನೆಂದು ಹೇಳುತ್ತಾರೆ. ಅದರ ಆಸರೆಯಲ್ಲಿ 1825ರಲ್ಲಿ ಎದುರು ದಂಡೆಯಿಂದ ಅಗೆಯಲಾರಂಭಿಸಿದ ಸುರಂಗ, 1828ರಲ್ಲಿ ನದಿ ಒಳನುಗ್ಗಿ ಆರು ಜನರನ್ನು ಬಲಿ ತೆಗೆದುಕೊಂಡ ಬಳಿಕ ವರ್ಷಗಟ್ಟಲೆ ನಿಂತು, 1843ರಲ್ಲಿ ಪಾದಚಾರಿಗಳಿಗೆ ತೆರೆಯಿತು. ಹಡಗು ಓಡಾಡುವ ನದಿಯೊಂದರ ಅಡಿಯಲ್ಲಿ ಕೊರೆದ ಜಗತ್ತಿನ ಮೊದಲ ಸುರಂಗವದು. ಉದ್ದ ಸುಮಾರು 396 ಮೀಟರ್. ಗಾಡಿಗಳು ಇಳಿಯುವ ಇಳಿಜಾರು ಕಟ್ಟಲು ಹಣ ಸಾಲದೆ, ಕೊನೆಗೆ 1869ರಿಂದ ರೈಲುಗಳು ಓಡತೊಡಗಿದವು. ನಿಲ್ದಾಣದ ಇಕ್ಕಟ್ಟಾದ ಪ್ಲಾಟ್‌ಫಾರ್ಮಿನ ದಕ್ಷಿಣ ತುದಿಗೆ ಹೋಗಿ ನಿಂತರೆ, ದೀಪದ ಬೆಳಕಿನಲ್ಲಿ ಅದರ ಜೋಡಿ ಕಮಾನುಗಳು ಕಾಣುತ್ತವೆ. ದಕ್ಷಿಣಕ್ಕೆ ಹೋಗುವ ರೈಲು ಹತ್ತಿ ಒಂದೇ ನಿಲ್ದಾಣ, ರಾಥರ್‌ಹೈತ್‌ವರೆಗೆ ಪ್ರಯಾಣ ಮಾಡಿ. ಅಲ್ಲಿನ ಬ್ರೂನೆಲ್ ಮ್ಯೂಸಿಯಂ ನಿಲ್ದಾಣದ ಹತ್ತಿರವೇ ಇದೆ, ಅದರ ಬಳಿಯ ನದಿದಂಡೆಯಿಂದ ನೀವು ಅದುವರೆಗೆ ನಡೆದು ಬಂದ ವಾಪಿಂಗ್‌ನ ಗೋದಾಮುಗಳ ಸಾಲು ಎದುರಿಗೆ ಕಾಣುತ್ತದೆ.