ತೊಗರಿ ಸೀಸನ್ನು, ನಿದ್ದೆ ಮತ್ತು ಒಂದಿಷ್ಟು ಬೇರು-ಸೊಪ್ಪು

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಡಿಸೆಂಬರಿನಲ್ಲಿ ಹೊಸ ತೊಗರಿ ನಮ್ಮೂರ ಮಾರುಕಟ್ಟೆ ನೆಹರು ಗಂಜ್‌ಗೆ ಬರಲು ಶುರುವಾದರೆ ಫೆಬ್ರವರಿ ದಾಟುವವರೆಗೂ ನಮಗೆ ಪುರುಸೊತ್ತಿಲ್ಲ. ಲಾರಿ, ತೂಕದ ಚೀಟಿ, ದಲಾಲರ ಫೋನು, ಧೂಳು. ರಾತ್ರಿ ಊಟ ಮಾಡಿ ಮಲಗಿದರೂ ತಲೆಯೊಳಗೆ ಮಿಲ್ಲು ಓಡುತ್ತಲೇ ಇರುತ್ತಿತ್ತು. ಎದೆ ಢವಢವ, ಅಂಗೈ ತುಂಬ ಬೆವರು. ಡಾಕ್ಟರ ಹತ್ತಿರ ಹೋಗಿ ರಕ್ತ, ಬಿಪಿ, ಥೈರಾಯ್ಡ್ ಎಲ್ಲ ತೋರಿಸಿದೆ. ಏನೂ ತೊಂದರೆ ಇರಲಿಲ್ಲ. ಟೆನ್ಶನ್ ಕಡಿಮೆ ಮಾಡ್ರಿ ಅಂದರು, ಅಷ್ಟೇ.

ಆಮೇಲೆ ನಾನು ಗಿಡಮೂಲಿಕೆ ಕಡೆ ತಿರುಗಿದೆ. ಒಂದು ನಿಯಮ ಮಾತ್ರ ಮೊದಲೇ ಹಾಕಿಕೊಂಡೆ: ಒಂದು ಸಲಕ್ಕೆ ಒಂದೇ. ಐದಾರು ಪುಡಿ ಕೂಡಿಸಿ ಕುಡಿದರೆ ಯಾವುದು ಹಿಡಿಸಿತು, ಯಾವುದು ಹೊಟ್ಟೆ ಕೆಡಿಸಿತು ಅಂತ ಹೇಗೆ ಗೊತ್ತಾಗಬೇಕು? ಲೆಕ್ಕದವಳಿಗೆ ಇದೆಲ್ಲ ತಾನಾಗೇ ತಿಳಿಯುತ್ತದೆ.

ಮೊದಲು ಹಾಕಿದ್ದಲ್ಲ, ತೆಗೆದದ್ದು. ಸಂಜೆಯ ಚಹಾ. ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು. ಸಂಜೆ 6ಕ್ಕೆ ಕುಡಿದ ಚಹಾದ ಅರ್ಧ ಪಾಲು ರಾತ್ರಿ 11ಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದರ ಮೇಲೆ ಯಾವ ಬೇರು ಕುಡಿದು ಏನು ಉಪಯೋಗ? ಆದರೆ ಮಿಲ್ಲಿನಲ್ಲಿ ಎಲ್ಲರ ಕೈಯಲ್ಲೂ ಕಪ್ಪು ಇರುವಾಗ ಸುಮ್ನೆ ಕೂರುವುದು ಕಷ್ಟ. ಅದಕ್ಕೆ ಮನೆಯಿಂದ ಥರ್ಮಾಸಿನಲ್ಲಿ ತುಳಸಿ ಎಲೆ, ಬಡೇಸೋಪು, ಸ್ವಲ್ಪ ಬೆಲ್ಲ ಹಾಕಿ ಕುದಿಸಿದ ನೀರು ಒಯ್ಯತೊಡಗಿದೆ. ಕೈಗೆ ಬೇಕಾಗಿದ್ದು ಬಿಸಿ ಕಪ್ಪು. ಅದು ಸಿಕ್ಕಿತು. ಮೊದಮೊದಲು ತಲೆ ಹಿಡಿದಂತಾಯಿತು, ನಾಲ್ಕಾರು ದಿನದಲ್ಲಿ ಬಿಟ್ಟಿತು.

ಅಶ್ವಗಂಧ ಬಂದದ್ದು ಇದರ ನಂತರ. ಸೂಪರ್ ಮಾರ್ಕೆಟ್ ಕಡೆ ಒಂದು ಹಳೆಯ ಜಡಿಬೂಟಿ ಅಂಗಡಿ ಇದೆ. ಡಬ್ಬಿಯ ಪುಡಿ ಕೇಳಿದೆ. ಗಲ್ಲೆಯ ಮೇಲಿದ್ದ ಚಾಚಾ ಒಪ್ಪಲಿಲ್ಲ. "ಪುಡಿ ಬ್ಯಾಡ ತಂಗಿ, ಬೇರ ಒಯ್ಯಿ. ಪುಡಿಯಾಗ ಏನ್ ಕೂಡಿಸ್ಯಾರ ನಿನಗ ಹ್ಯಾಂಗ್ ಗೊತ್ತಾಗ್ತದ?" ಒಂದು ಬೇರು ಎತ್ತಿ ಮುರಿದು ತೋರಿಸಿದರು. ಪೆನ್ಸಿಲ್ ದಪ್ಪ, ಮೇಲೆ ಮಣ್ಣುಬಣ್ಣ. ಟಕ್ ಅಂತ ಮುರಿಯಿತು. ಒಳಗೆ ಹಿಟ್ಟಿನಂತೆ ಬಿಳಿ. ಮೂಗಿಗೆ ಹಿಡಿದರೆ ಕುದುರೆ ಲಾಯದ ವಾಸನೆ. ಬಾಗುವ ಬೇರು ಒಣಗಿಲ್ಲ ಅಂತ ಅರ್ಥ, ಬೇಗ ಬೂಸಲು ಹಿಡಿಯುತ್ತದೆ. ಚಾಚಾ ಅದನ್ನು ಅಸ್ಗಂಧ್ ಅನ್ನುತ್ತಾರೆ. ಅವರ ಯುನಾನಿ ವೈದ್ಯದಲ್ಲೂ ಇದು ಹಳೆಯ ಮದ್ದು.

ಮನೆಯಲ್ಲಿ ಕುಟ್ಟಿ, ಸೋಸಿ, ಗಾಜಿನ ಬಾಟಲಿಯಲ್ಲಿ ತುಂಬಿಟ್ಟೆ. ರಾತ್ರಿ ಕಾಲು ಚಮಚ ಪುಡಿ, ಅರ್ಧ ಲೋಟ ಹಾಲು, ಅರ್ಧ ಲೋಟ ನೀರು. ನೀರು ಇಂಗಿ ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿ. ಇದಕ್ಕೆ ಒಲೆಯ ಮುಂದೆ ನಿಲ್ಲಲೇಬೇಕು, ಇಲ್ಲವಾದರೆ ಉಕ್ಕುತ್ತದೆ. ಫೋನು ಹೊರಗಿನ ಕೋಣೆಯಲ್ಲಿ. ಆ ನಿಲ್ಲುವುದರಿಂದಲೇ ಅರ್ಧ ಗುಣ ಬರುತ್ತದೆ ಅನ್ನುವುದು ನನ್ನ ಅನುಮಾನ. ಊಟವಾದ ಮೇಲೆಯೇ ಕುಡಿಯುತ್ತೇನೆ, ಖಾಲಿ ಹೊಟ್ಟೆಗೆ ಸಂಕಟವಾಗುತ್ತದೆ.

ಇದು ನಿದ್ದೆ ಗುಳಿಗೆಯಲ್ಲ. ಕುಡಿದ ರಾತ್ರಿಯೇ ಏನೂ ಆಗಲಿಲ್ಲ, ವಾರ ಕಳೆದರೂ ಅಷ್ಟೇ. ಕೆಲವು ವಾರಗಳಾದ ಮೇಲೆ ಒಂದು ದಿನ ಗಮನಕ್ಕೆ ಬಂತು: ದಲಾಲರ ಫೋನು ಬಂದಾಗ ಎದೆ ಹಾರುವುದು ಕಡಿಮೆಯಾಗಿದೆ. 2012ರಲ್ಲಿ ಪ್ರಕಟವಾದ ನಮ್ಮ ದೇಶದ ಒಂದು ಅಧ್ಯಯನದಲ್ಲಿ 64 ಜನರನ್ನು ತೆಗೆದುಕೊಂಡಿದ್ದರು. ಬೇರಿನ ಸಾರ ದಿನಕ್ಕೆ ಎರಡು ಸಲ 300 ಮಿಲಿಗ್ರಾಂ, 60 ದಿನ. ಸಾರ ತೆಗೆದುಕೊಂಡವರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿದಿತ್ತು. ಆದರೆ ಅದು ಗಟ್ಟಿ ಸಾರ. ನನ್ನ ಕಾಲು ಚಮಚ ಪುಡಿಗೆ ಅದೇ ಲೆಕ್ಕ ಹಚ್ಚಲು ಬರುವುದಿಲ್ಲ. 64 ಜನ ದೊಡ್ಡ ಸಂಖ್ಯೆಯೂ ಅಲ್ಲ, ಅಲ್ವಾ?

ಅಕ್ಕನೂ ಕೇಳಿದಳು. ಕೊಡಲಿಲ್ಲ. ಆಕೆ ಥೈರಾಯ್ಡ್ ಗುಳಿಗೆ ನುಂಗುತ್ತಾಳೆ, ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಬಸುರಿಯರಿಗೂ ಇದು ಬೇಡ. ಲಿವರ್ ತೊಂದರೆ ಇರುವವರು, ನಿದ್ದೆ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅಪರೂಪಕ್ಕೆ ಕೆಲವರಿಗೆ ಇದರಿಂದಲೇ ಕಾಮಾಲೆ ಆದದ್ದಿದೆ. ಅಕ್ಕ ಸಿಟ್ಟಾದಳು, ಎರಡು ದಿನ ಮಾತಾಡಲಿಲ್ಲ.

ಜಾಜಿಕಾಯಿ ಅವ್ವನ ಮದ್ದು. ಸಾಣೆಕಲ್ಲಿನ ಮೇಲೆ ಒಂದು ಹನಿ ಹಾಲು ಬಿಟ್ಟು ಎರಡು ಸುತ್ತು ತೇಯುವುದು, ಆ ಗಂಧವನ್ನು ಹಾಲಿಗೆ ಬೆರೆಸುವುದು. ತೀರಾ ದಣಿದ ದಿನಕ್ಕೆ ಮಾತ್ರ, ಅಶ್ವಗಂಧ ಕುಡಿಯದ ರಾತ್ರಿ. ಒಳ್ಳೆಯದು ಅಂತ ಜಾಸ್ತಿ ಹಾಕಬೇಡಿ. ಚಮಚಗಟ್ಟಲೆ ಪುಡಿ ತಿಂದರೆ ಎದೆಬಡಿತ ಏರುತ್ತದೆ, ತಲೆ ತಿರುಗುತ್ತದೆ, ಇಲ್ಲದ್ದು ಕಾಣುತ್ತದೆ.

ಹೋಳಿ ಕಳೆದ ಮೇಲೆ ಅಶ್ವಗಂಧ ಬಂದ್. ಅದು ಉಷ್ಣ ಅಂತಾರೆ. ನಮ್ಮೂರಿನ ಬಿಸಿಲು ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವಾಗ ಬಿಸಿ ಹಾಲು ಗಂಟಲಲ್ಲೂ ಇಳಿಯುವುದಿಲ್ಲ. ಆಗ ಲಾವಂಚದ ಕಾಲ. ಬೇರನ್ನು ಚೆನ್ನಾಗಿ ತೊಳೆದು, ಬಿಳಿ ಅರಿವೆಯಲ್ಲಿ ಕಟ್ಟಿ ಕುಡಿಯುವ ನೀರಿನ ಮಣ್ಣಿನ ರಂಜಣಿಗೆಯೊಳಗೆ ಬಿಡುತ್ತೇನೆ. ಬೆಳಗ್ಗೆ ಹೊತ್ತಿಗೆ ನೀರಿಗೆ ಮೊದಲ ಮಳೆಯ ಮಣ್ಣಿನ ಘಮ. ಎರಡು ಮೂರು ದಿನಕ್ಕೊಮ್ಮೆ ಗಂಟನ್ನು ಬಿಸಿಲಲ್ಲಿ ಒಣಗಿಸಬೇಕು, ಇಲ್ಲವಾದರೆ ಲೋಳೆಯಾಗುತ್ತದೆ. ಇದು ನರಕ್ಕೆ ಏನು ಮಾಡುತ್ತದೋ ಬಿಡಿ, ನೀರು ಜಾಸ್ತಿ ಕುಡಿಯುವಂತೆ ಮಾಡುತ್ತದೆ. ನೀರು ಕಡಿಮೆಯಾದರೆ ಸೆಕೆಗಾಲದಲ್ಲಿ ಎದೆ ಬೇಗ ಬಡಿದುಕೊಳ್ಳುತ್ತದೆ.

ಒಂದೆಲಗ ನಮ್ಮ ಎರೆ ಸೀಮೆಯ ಸೊಪ್ಪಲ್ಲ, ಅದಕ್ಕೆ ಸದಾ ತೇವ ಬೇಕು. ನರ್ಸರಿಯಿಂದ ತಂದ ಬಳ್ಳಿಯನ್ನು ಅಗಲ ಬುಟ್ಟಿಯಲ್ಲಿ ಹಾಕಿ ರಂಜಣಿಗೆಯ ಕೆಳಗೇ ಇಟ್ಟೆ. ಹೊರಮೈಯಿಂದ ಜಿನುಗುವ ನೀರು, ಲೋಟದಿಂದ ತುಳುಕಿದ್ದು, ಎಲ್ಲ ಅದಕ್ಕೇ. ಗೆಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತ ಬುಟ್ಟಿ ತುಂಬಿತು. ಬಚ್ಚಲ ನೀರಿಗೆ ಮಾತ್ರ ಹಚ್ಚಬೇಡಿ, ಹಸಿಯಾಗಿ ತಿನ್ನುವ ಎಲೆ ಅದು. ಕರಾವಳಿಯವರು ತಂಬುಳಿ ಮಾಡುತ್ತಾರೆ. ನಾನು ಹಕ್ಕರಕಿ ಸೊಪ್ಪಿನ ಜೊತೆ ಸಣ್ಣಗೆ ಹೆಚ್ಚಿ, ಶೇಂಗಾ ಹಿಂಡಿ, ಮೊಸರು ಕಲಸಿ ಜೋಳದ ರೊಟ್ಟಿಗೆ ನಂಜಿಕೊಳ್ಳುತ್ತೇನೆ. ಐದಾರು ಎಲೆ ಸಾಕು, ಮೇಲೆ ಹೋದರೆ ಕಹಿ.

ಒಂದನ್ನು ಮಾತ್ರ ತರಲಿಲ್ಲ. ಚಾಚಾ ಜಟಾಮಾಂಸಿ ಒಯ್ಯಿ ಅಂದಿದ್ದರು. ಅದು ಹಿಮಾಲಯದಲ್ಲಿ 3,000 ಮೀಟರಿಗೂ ಮೇಲೆ ಬೆಳೆಯುತ್ತದೆ, ಬೇರುಸಮೇತ ಕಿತ್ತು ಕಿತ್ತು ಈಗ ಅಳಿವಿನ ಅಂಚಿಗೆ ಬಂದಿದೆ. ನನ್ನ ನಿದ್ದೆಗೆ ಅಷ್ಟು ದೂರದ ಗಿಡ ಯಾಕೆ?

ಈ ಸಲ ಮಿಲ್ಲಿನ ಇಬ್ಬರು ಹೆಣ್ಣುಮಕ್ಕಳು ಒಂದೆಲಗದ ಬಳ್ಳಿ ಕೇಳಿದ್ದಾರೆ. ಜುಲೈನಲ್ಲಿ ಮಳೆ ಹಿಡಿದ ಮೇಲೆ ಕಡ್ಡಿ ಕೊಡುತ್ತೇನೆ ಅಂದಿದ್ದೇನೆ, ಈಗಿನ ಬಿಸಿಲಿಗೆ ಹಚ್ಚಿದರೆ ಉಳಿಯುವುದಿಲ್ಲ.