ಹಳೇ ಕ್ಯಾಮರೋಗೆ ಹೊಸ ಹೆಡರ್: ಬೋಲ್ಟ್ ಬಿಗಿಯೋದು ಸುಲಭ, ಜಾಗ ಹುಡುಕೋದೇ ಕಷ್ಟ

1969ರ ಶೆವರ್ಲೆ ಕ್ಯಾಮರೋ, ಒಳಗೆ 350 ಕ್ಯೂಬಿಕ್ ಇಂಚಿನ ವಿ8, ಅಂದರೆ 5.7 ಲೀಟರ್. ಅಮೆರಿಕದಲ್ಲಿ ಇಂಥ ಕಾರು ಕೊಂಡವರು ಬೇಗ ಕೈ ಹಾಕೋದು ಎಕ್ಸಾಸ್ಟಿಗೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಕೆಳಗಿನ ಪೈಪಿಗೆ ಬಿಡುವ, ಕಂಪನಿಯ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಗಟ್ಟಿಮುಟ್ಟು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಕಡೆಯ ನಾಲ್ಕೂ ಸಿಲಿಂಡರಿನ ಹೊಗೆ ಒಂದೇ ಇಕ್ಕಟ್ಟಿನಲ್ಲಿ ನುಗ್ಗಬೇಕು. ಅದರ ಬದಲು ಹಾಕುವ ಹೆಡರಿನಲ್ಲಿ ಹಾಗಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಪೈಪ್, ಎಲ್ಲವೂ ಕೆಳಗೆ ಕಲೆಕ್ಟರಿನಲ್ಲಿ ಸೇರುತ್ತವೆ, ಒಂದರ ಹೊಗೆ ರಭಸವಾಗಿ ಹೊರಟಾಗ ಪಕ್ಕದ ಪೈಪಿನದನ್ನೂ ಸೆಳೆದುಕೊಂಡು ಹೋಗುತ್ತದೆ.

ಕೊಳ್ಳುವಾಗ ದಪ್ಪ ಪೈಪಿಗೆ ಮರುಳಾಗಬೇಡಿ. ರಸ್ತೆಯಲ್ಲಿ ಓಡಿಸುವ 350ಕ್ಕೆ 1 5/8 ಇಂಚಿನ ಪೈಪ್ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆತ ತಗ್ಗಬಹುದು. ಗಿಡ್ಡ ಪೈಪಿನ ಶಾರ್ಟಿ ಹೆಡರ್ ಕೂರಿಸೋದು ಸುಲಭ, ಲಾಭ ಅಷ್ಟಕ್ಕಷ್ಟೆ. ಗೇರ್ ಮ್ಯಾನುವಲ್ಲೋ ಆಟೋಮ್ಯಾಟಿಕ್ಕೋ, ಪವರ್ ಸ್ಟೀರಿಂಗ್ ಇದೆಯೋ, ಸ್ಪಾರ್ಕ್ ಪ್ಲಗ್ ನೇರ ಕೂತಿದೆಯೋ ಓರೆಯೋ ಎಲ್ಲ ಹೇಳಿಯೇ ಆರ್ಡರ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಕಾರಿಗೆ ಸ್ಮಾಗ್ ತಪಾಸಣೆ (ಹೊಗೆ ಮಾಲಿನ್ಯದ ಪರೀಕ್ಷೆ) ಇಲ್ಲ, ಆ ತಲೆನೋವು ಒಂದು ಕಡಿಮೆ.

ಹಿಂದಿನ ರಾತ್ರಿಯೇ ಹಳೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಪ್ಲಗ್ ವೈರ್, ಪ್ಲಗ್, ಸ್ಟಾರ್ಟರ್, ಕೆಳಗಿನ ಪೈಪ್ ಬಿಚ್ಚಿ ಮ್ಯಾನಿಫೋಲ್ಡ್ ಇಳಿಸಿ. ಬೋಲ್ಟ್ ಜಗ್ಗದಿದ್ದರೆ ಬಲ ಹಾಕಿ ಮುರಿಯಬೇಡಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಬಿಡಿ. ಆಲ್ಟರ್ನೇಟರ್ ಬ್ರ್ಯಾಕೆಟ್ ಹಳೇ ಮ್ಯಾನಿಫೋಲ್ಡಿಗೇ ಕೂತಿದ್ದರೆ ಬೇರೆ ಬ್ರ್ಯಾಕೆಟ್ ಬೇಕು. ಮ್ಯಾನಿಫೋಲ್ಡಿನ ಬಿಸಿಗೆ ಕೆಲಸ ಮಾಡುವ ಚೋಕ್ (ತಣ್ಣನೆ ಎಂಜಿನ್ ಶುರುಮಾಡುವಾಗ ಗಾಳಿ ತಡೆಯುವ ಮುಚ್ಚಳ) ಇದ್ದರೆ ಎಲೆಕ್ಟ್ರಿಕ್ ಚೋಕ್ ಹಾಕಿಸಬೇಕಾಗುತ್ತದೆ. ಇವೆರಡನ್ನೂ ಮೊದಲೇ ತಂದಿಟ್ಟುಕೊಳ್ಳಿ, ಅರ್ಧ ಬಿಚ್ಚಿದ ಕಾರು ಬಿಟ್ಟು ಅಂಗಡಿಗೆ ಓಡೋದು ಯಾರಿಗೆ ಬೇಕು ಅಲ್ವಾ.

ನಿಜವಾದ ಕೆಲಸ ಇನ್ನು ಮೇಲೆ. ಸಂದಿ ಮುಚ್ಚುವ ಗ್ಯಾಸ್ಕೆಟ್ ಇಲ್ಲದೆ ಹೆಡರನ್ನು ಸುಮ್ನೆ ಒಮ್ಮೆ ಕೂರಿಸಿ ನೋಡಿ. ಡ್ರೈವರ್ ಕಡೆ ಸ್ಟೀರಿಂಗ್ ಬಾಕ್ಸ್ ಇದೆ, ಮ್ಯಾನುವಲ್ ಗೇರಾದರೆ ಕ್ಲಚ್ ಲಿಂಕೇಜ್ ಕೂಡ ಇದೆ. ಮೇಲಿನಿಂದ ಇಳಿಯದಿದ್ದರೆ ಕೆಳಗಿನಿಂದ ತೂರಿಸಿ. ಆಗಲೂ ಹೋಗದಿದ್ದರೆ ಆ ಕಡೆಯ ಎಂಜಿನ್ ಮೌಂಟ್ ಬೋಲ್ಟ್ ತೆಗೆದು, ಆಯಿಲ್ ಪ್ಯಾನ್ ಕೆಳಗೆ ಅಗಲವಾದ ಮರದ ತುಂಡಿಟ್ಟು ಎಂಜಿನ್ನನ್ನು ಜಾಕ್‌ನಿಂದ ಒಂದಿಷ್ಟು ಎತ್ತಬೇಕು. ಎತ್ತುವಾಗ ಫ್ಯಾನ್ ರೇಡಿಯೇಟರಿನ ಕವಚಕ್ಕೆ, ಡಿಸ್ಟ್ರಿಬ್ಯೂಟರ್ ಹಿಂದಿನ ಗೋಡೆಗೆ ತಾಗುತ್ತಿದೆಯಾ ಅಂತ ಒಬ್ಬರು ಮೇಲಿಂದ ನೋಡುತ್ತಿರಲಿ. ಹೆಡರ್ ಕೂತ ಮೇಲೆ ಪೈಪಿಗೂ ಪಕ್ಕದ ಭಾಗಗಳಿಗೂ ನಡುವೆ ಬೆರಳು ಆಡಿಸಿ ನೋಡಿ. ಓಡುವಾಗ ಎಂಜಿನ್ ಅಲುಗುತ್ತದೆ, ಹಾಗಾಗಿ ನಿಂತಾಗ ಕೂದಲೆಳೆ ಅಂತರವಿದ್ದರೆ ಸಾಲದು.

ಈಗ ಸಿಲಿಂಡರ್ ಹೆಡ್ಡಿನ ಮುಖದಲ್ಲಿ ಅಂಟಿದ ಹಳೇ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸದಿಡಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ. ಒಂದನ್ನು ಬಿಗಿದುಬಿಟ್ಟರೆ ಉಳಿದವು ತೂತಿಗೆ ಸಿಗೋದಿಲ್ಲ. ಆಮೇಲೆ ನಡುವಿನಿಂದ ಶುರು ಮಾಡಿ ಹೊರಗಿನವುಗಳ ಕಡೆಗೆ ಹಂತಹಂತವಾಗಿ ಬಿಗಿಯಿರಿ. ಸಾಮಾನ್ಯವಾಗಿ 20ರಿಂದ 25 ಅಡಿ-ಪೌಂಡ್ ಟಾರ್ಕ್ ಸಾಕು, ಕಿಟ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಸ್ಟಾರ್ಟರ್ ವಾಪಸ್ ಹಾಕುವಾಗ ಅದಕ್ಕೊಂದು ಹೀಟ್ ಶೀಲ್ಡ್ ಸೇರಿಸಿ, ಇಲ್ಲದಿದ್ದರೆ ಪಕ್ಕದಲ್ಲೇ ಕಾದ ಪೈಪಿನಿಂದ ಸ್ಟಾರ್ಟರ್ ಬಿಸಿಯಾಗಿ ಮೊಂಡು ಹಿಡಿಯುತ್ತದೆ. ಪ್ಲಗ್ ವೈರನ್ನು ಪೈಪಿನಿಂದ ದೂರ ಕಟ್ಟಿ.

ಬಾಗಿಲು ತೆರೆದ ಜಾಗದಲ್ಲೇ ಸ್ಟಾರ್ಟ್ ಮಾಡಿ. ಶುರುವಿಗೆ ಹೊಗೆ, ವಾಸನೆ ಬಂದರೆ ಹೆದರಬೇಡಿ, ಪೈಪಿನ ಪೇಂಟ್ ಸುಡುತ್ತಿರುತ್ತದೆ. ಆದರೂ ಇಂಧನ ಸೋರುತ್ತಿಲ್ಲ ಅಂತ ಕಣ್ಣಾಡಿಸಿ. ಪೂರ್ತಿ ತಣಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ, ಮೊದಲ ಕೆಲವು ಓಡಾಟದ ನಂತರವೂ ಅಷ್ಟೇ. ಟಿಕ್ ಟಿಕ್ ಸದ್ದು ಬಂದರೆ ವಾಲ್ವ್ ತೆರೆಯುವ ಟ್ಯಾಪೆಟ್ಟಿನದು ಅಂದುಕೊಳ್ಳುವವರೇ ಜಾಸ್ತಿ. ಮೊದಲು ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಇದೆಯಾ ನೋಡಿ, ಇದ್ದರೆ ಅಲ್ಲೇ ಸೋರಿಕೆ. ಪ್ಲಗ್ ತುದಿ ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲದಿರಬಹುದು, ಕಾರ್ಬ್ಯುರೇಟರಿಗೆ ಒಂದು ಸೈಜ್ ದೊಡ್ಡ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಹಾಕಿ ನೋಡಿ.